ಹೆಬ್ಬೆರಳಿಗಾಗಿ ಕೂಡಿದ ಪಂಚಾಯಿತಿ

ಒಂದೇ ಏಟಿಗೆ ನಿಲ್ಲಿಸಿದ್ದರೆ ಮಾತು ಬೇರೆ ಇತ್ತು. ಹಾತಿಫ್ ಲುವೈಯ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದು, ಕಬ್ಬಿಣದ ಸ್ಟೂಲಿನ ಅಂಚಿನಿಂದ ಹೆಬ್ಬೆರಳಿಗೆ ಎರಡು ಸಲ ಬಾರಿಸಿದ. ಮೊದಲನೆಯದಕ್ಕೆ ಚರ್ಮ ಸುಲಿಯಿತು, ಎರಡನೆಯದಕ್ಕೆ ಮೂಳೆ ಹೊರಗೆ ಇಣುಕಿತು. ಬಸ್ರಾದ ಮಧ್ಯಾಹ್ನದ ಬಿಸಿಲಿಗೆ ಓಣಿಯೆಲ್ಲ ಬಾಗಿಲು ಹಾಕಿಕೊಂಡು ಮಲಗಿತ್ತು. ಅಂಗಡಿಯಲ್ಲಿ ಇದ್ದದ್ದು ಅವರಿಬ್ಬರೇ.

ಇಬ್ಬರದೂ ವಿಡಿಯೋ ಗೇಮ್ ಆಡಿಸುವ ಅಂಗಡಿ, ಎದುರುಬದುರು. ಹಾತಿಫನ ಅಂಗಡಿಯಲ್ಲಿ ಕಪ್ಪು ಕನ್ಸೋಲ್, ಯುದ್ಧದ ಆಟ, ಕೂತರೆ ಹತ್ತು ಗಂಟೆ ಏಳದ ಹಟಮಾರಿ ಆಟಗಾರರು. ಲುವೈಯದು ಬಿಳಿ ಕನ್ಸೋಲ್. ಊಟವಾದ ಮೇಲೆ ಮಕ್ಕಳು, ಅತ್ತೆಯಂದಿರು ಬಂದು ಕೈ ಬೀಸಿ ಪರದೆಯ ಚೆಂಡು ಹೊಡೆದು ನಕ್ಕು ಹೋಗುತ್ತಿದ್ದರು. ಅದನ್ನು ತೊಟ್ಟಿಲ ಅಂಗಡಿ ಎಂದು ಹಾತಿಫ್ ಐದು ವರ್ಷ ಅಣಕಿಸಿದ್ದ. ಆ ದಿನ ಲುವೈ ಓಣಿ ದಾಟಿ ಬಂದು ಹಾತಿಫನದೇ ಯಂತ್ರದಲ್ಲಿ, ಹಾತಿಫನದೇ ಆಟದಲ್ಲಿ, ಅವನನ್ನು ಮೂರು ಸಲ ಕೊಂದ. ಮೂರನೆಯ ಸಲ ಕೊಂದು ಮೆಲ್ಲಗೆ ನಕ್ಕ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಪುಣ್ಯಾತ್ಮ ನೆಲವನ್ನು ಬೈಯಲಿಲ್ಲ, ಸ್ಟೂಲು ಎತ್ತಿದ.

ಜನಕ್ಕೆ ಮಾತ್ರ, ಲುವೈ ಯಂತ್ರ ಒಡೆಯಲು ಬಂದ, ತಡೆದೆ ಎಂದು ಹೇಳಿದ.

ಮರುದಿನ ಲುವೈಯ ಕುಲದವರು ಎರಡು ಪಿಕಪ್ ಗಾಡಿಗಳಲ್ಲಿ ಬಂದು ಹಾತಿಫನ ಮನೆಯ ಮೇಲೆ ಗುಂಡಿನ ಮಳೆ ಸುರಿಸಿದರು. ಕಿಟಕಿಗಳು ಪುಡಿಯಾದವು. ಮಾಳಿಗೆಯ ಟ್ಯಾಂಕಿಗೆ ತೂತು ಬಿದ್ದು ನೀರು ಮೆಟ್ಟಿಲಿಳಿದು ಹರಿಯಿತು. ಹಾತಿಫನ ತಾಯಿ ಉಮ್ಮ್ ಹಾತಿಫ್ ಅಡುಗೆಮನೆಯ ನೆಲದ ಮೇಲೆ ಬೋರಲು ಬಿದ್ದು, ಗೋಡೆಯ ಗಾರೆ ಬೆನ್ನ ಮೇಲೆ ಉದುರುತ್ತಿದ್ದರೆ ಮಗನ ಹೆಸರು ಕೂಗುತ್ತಿದ್ದಳು. ಮಗ ಹಾಸಿಗೆಯ ಕೆಳಗಿದ್ದ. ಅಷ್ಟಾದ ಮೇಲೆ ಹಿರಿಯರು ನಡುವೆ ಬಂದು ಪಂಚಾಯಿತಿ ಕರೆದರು.

ಪಂಚ ಹಾಜಿ ಮುತಶರ್ ಎರಡೂ ಯಂತ್ರಗಳನ್ನು ತರಿಸಿ, ಕಾಫಿ ಹೂಜಿಗಳ ಪಕ್ಕದಲ್ಲಿ ಜಮಖಾನೆಯ ಮೇಲೆ ಇಡಿಸಿದ. ಇವೆರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದ. ಕೇಳಲು ಕಾರಣವಿತ್ತು. ಮುರಿದದ್ದು ಹೆಬ್ಬೆರಳಿನಿಂದ ಗುಂಡಿ ಒತ್ತಿ ಆಡುವ ಪಕ್ಕಾ ಆಟಗಾರನ ಬೆರಳಾದರೆ ಅದು ಕಸುಬಿನ ಕೈ ಮುರಿದಂತೆ, ಹಾತಿಫ್ ತಾಯಿಯನ್ನು ಕರೆದುಕೊಂಡು ಏಳು ವರ್ಷ ಊರು ಬಿಡಬೇಕು. ಹೊತ್ತು ಕಳೆಯುವವನ ಬೆರಳಾದರೆ ಒಂದು ಕ್ಷಮೆ, ಒಂದು ಔತಣ, ಅಲ್ಲಿಗೆ ಮುಗಿಯಿತು.

ಲುವೈಯ ಮಾವ, ನಮ್ಮ ಹುಡುಗ ಮೂರು ಸಲ ಗೆದ್ದಿದ್ದಾನೆ ಎಂದ. ಹಾತಿಫನ ಚಿಕ್ಕಪ್ಪ ಶನಾವ ಹೊಟ್ಟೆ ಹಿಡಿದು ನಕ್ಕ.

"ಹಾಜಿ, ಆ ಬಿಳೀ ಡಬ್ಬಿ ನಮ್ಮ ಅಜ್ಜೀನೂ ಆಡ್ತಾಳೆ. ಅದಕ್ಕೆ ಹೆಬ್ಬೆರಳು ಯಾಕೆ, ಮೊಣಕೈ ಇದ್ರೆ ಸಾಕು."

ಸಭೆಯೂ ನಕ್ಕಿತು. ಹಾಜಿ ನಗಲಿಲ್ಲ.

"ಈ ಡಬ್ಬಿಗಳು ನಂಗೆ ತಿಳಿಯಲ್ಲ. ತಿಳಿದೋನು ನೀನು, ಹಾತಿಫ್. ಅಬ್ಬಾಸರ ಮೇಲೆ ಆಣೆ ಇಟ್ಟು ಹೇಳು ಮಗನೇ, ಇವನು ಆಟಗಾರ ಹೌದೋ ಅಲ್ವೋ?"

ದೇವರ ಮೇಲೆ ಸುಳ್ಳಾಣೆ ಇಟ್ಟವರು ಅಲ್ಲಿ ಬೇಕಾದಷ್ಟು ಜನ, ದೇವರು ಕ್ಷಮಿಸುತ್ತಾನೆಂಬ ಧೈರ್ಯ. ಹುತಾತ್ಮ ಅಬ್ಬಾಸರದು ಮುಂಗೋಪ, ಸುಳ್ಳಾಣೆಗೆ ಅಲ್ಲೇ ಶಿಕ್ಷೆ ಎಂದು ನಂಬಿಕೆ. ಅದೂ ಅಲ್ಲದೆ ಕರ್ಬಲಾದ ಯುದ್ಧದಲ್ಲಿ ಎರಡೂ ಕೈ ಕಡಿಸಿಕೊಂಡವರು ಅವರು. ಹಾತಿಫ್ ಲುವೈಯ ಕೈಯ ಬ್ಯಾಂಡೇಜನ್ನು ನೋಡಿದ. ಅದರ ಮೇಲೆ ರಕ್ತ ಇನ್ನೂ ಜಿನುಗುತ್ತಿತ್ತು. ಅವನಿಗೆ ನಾಚಿಕೆಯಾಯಿತು, ಹೆದರಿಕೆಗಿಂತ ಹೆಚ್ಚಾಗಿಯೇ ಆಯಿತು.

"ಆಟಗಾರ ಹೌದು. ನನಗಿಂತ ದೊಡ್ಡ ಆಟಗಾರ. ನನ್ನ ಯಂತ್ರದಲ್ಲೇ ಮೂರು ಸಲ ಸೋಲಿಸಿದ. ಅದಕ್ಕೇ ಮುರಿದೆ."

ಶನಾವ ಎದ್ದು ಬಂದು ಅವನ ಬಾಯಿಗೆ ಗುದ್ದಿದ. ಇನ್ನೊಮ್ಮೆ ಗುದ್ದಿದಾಗ ಒಂದು ಹಲ್ಲು ಜಮಖಾನೆಗೆ ಬಿತ್ತು. ಯಾರೂ ಬಿಡಿಸಲಿಲ್ಲ. ಹಾಜಿ ಏಳು ವರ್ಷ ಎಂದು ತೀರ್ಪು ಕೊಟ್ಟ.

ಮನೆಯಲ್ಲಿ ತಾಯಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು. ಮಗನ ತುಟಿಯ ರಕ್ತ ಒರೆಸಿ, ಮೂರು ಸಲವೂ ಸೋತೆಯಾ ಎಂದು ಕೇಳಿದಳು. ಅವನು ಹೂಂ ಎಂದ.

"ಹಾಗಾದ್ರೆ ನಾಲ್ಕನೇ ಸಲ ಆಡ್ಬಾರ್ದಿತ್ತೇನೋ?"

ಹಾತಿಫ್ ಒಂದು ಪಾತ್ರೆ ಎತ್ತಿ ಚೀಲಕ್ಕೆ ಹಾಕಿದ. ಲುವೈಯ ಆ ಬೆರಳು ಇನ್ನು ಬಾಗುವುದಿಲ್ಲ ಎಂದು ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು.