ಈರುಳ್ಳಿ ಬಟನ್

ನನಗೆ ಕೋಪ ಬೇಗ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಜಿಲಾಂಗ್ ಊರಿನ ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ನಿಂತು ಕಂಡಕಂಡವರಿಗೆಲ್ಲ ಹಲ್ಲು ಕಿರಿದವಳು ನಾನು. ಕೋಪ ಬಂದದ್ದೇ ತಡವಾಯಿತು.

ನಲವತ್ತೊಂದನೇ ವಯಸ್ಸಿನಲ್ಲಿ, ಹಗಲಿನ ಕೌಂಟರ್ ಬಿಡದೆ, ಸಂಜೆ ಕಾಲೇಜಿಗೆ ಸೇರಿ ಎರಡು ವರ್ಷ ಪ್ರೋಗ್ರಾಮಿಂಗ್ ಕಲಿತೆ. ಕೆಲಸ ಹುಡುಕಿಕೊಡುವ ಏಜೆನ್ಸಿಯ ಹುಡುಗಿ ನನ್ನ ಅರ್ಜಿ ನೋಡಿ ಮೂಗು ಮುರಿದಳು. "ನರೆಲ್, ಈ ಹತ್ತೊಂಬತ್ತು ವರ್ಷ ತೆಗೆದುಬಿಡಿ. ಮನೆ ಜವಾಬ್ದಾರಿಗೆ ಬಿಡುವು ತಗೊಂಡಿದ್ದೆ ಅಂತ ಹಾಕಿ, ಚೆನ್ನಾಗಿರತ್ತೆ."

ದುಡಿದದ್ದಕ್ಕಿಂತ ಕೂತದ್ದೇ ಮೇಲಂತೆ! ನಾನು ತೆಗೆಯಲಿಲ್ಲ. ಐವತ್ತೊಂಬತ್ತು ಅರ್ಜಿಗಳಿಗೆ ಉತ್ತರವೇ ಬರಲಿಲ್ಲ. ಅರವತ್ತನೆಯದಕ್ಕೆ ಮೆಲ್ಬರ್ನಿನ ಒಂದು ಕಂಪನಿಯಿಂದ ಫರ್ಗಸ್ ಎಂಬವನು ಬರೆದ. ಅಂಗಡಿಗಳಿಗೆ ಪ್ರೋಗ್ರಾಮ್ ಮಾಡಿಕೊಡುವ ಕಂಪನಿ ಅದು. ಜೊತೆಗೊಂದು ಪರೀಕ್ಷೆ: ಒಂದು ಸೂಪರ್ ಮಾರ್ಕೆಟ್ಟಿನ ಮೂರು ತಿಂಗಳ ಮಾರಾಟದ ದಾಖಲೆ, ಕ್ಯಾಶಿಯರುಗಳ ಹೆಸರಿಲ್ಲ, ಬರೀ ನಂಬರು. 'ಅಂಗಡಿಗೆ ಬಂದದ್ದಕ್ಕಿಂತ ಹೆಚ್ಚು ಈರುಳ್ಳಿ ಮಾರಾಟವಾಗಿದೆ. ಸುಳ್ಳು ಬಟನ್ ಒತ್ತುವ ಕ್ಯಾಶಿಯರುಗಳನ್ನು ಹಿಡಿಯುವ ಪ್ರೋಗ್ರಾಮ್ ಬರೆಯಿರಿ.' ದುಡಿಮೆ ಬಿಟ್ಟಿ, ಪಾಸಾದರೆ ಕೆಲಸ.

ಓದಿ ನಕ್ಕೆ. ಚೀಟಿಯಿಲ್ಲದ, ಹೆಸರು ಗೊತ್ತಿಲ್ಲದ ತರಕಾರಿ ಬಂದರೆ ನಾವೆಲ್ಲ ಒತ್ತುವುದು ಈರುಳ್ಳಿಯನ್ನೇ. ಪರದೆಯ ಮೇಲೆ ಮೊದಲ ಬಟನ್ ಅದು. ಪುಸ್ತಕ ತೆರೆದು ಆ ತರಕಾರಿಯ ನಂಬರ್ ಹುಡುಕಲು ಪುರುಸೊತ್ತೆಲ್ಲಿ? ಯಂತ್ರದ ಒಳಗೊಂದು ಗಡಿಯಾರ ಓಡುತ್ತಿರುತ್ತದೆ. ನಿಮಿಷಕ್ಕೆ ಹದಿನೆಂಟು ಸಾಮಾನು ದಾಟಿಸದವಳ ಹೆಸರು ಟೀ ಕುಡಿಯುವ ಕೋಣೆಯ ಗೋಡೆಯ ಪಟ್ಟಿಯಲ್ಲಿ ಕೆಂಪಾಗುತ್ತದೆ. ಮೂರು ಸಲ ಕೆಂಪಾದರೆ ಮುಂದಿನ ವಾರ ಅರ್ಧ ಪಾಳಿ. ಕೌಂಟರಿಗೆ ಹೊಸದಾಗಿ ಬಂದ ಹುಡುಗಿ ತೂಯಿಗೆ ನಾನೇ ಹೇಳಿಕೊಟ್ಟಿದ್ದೆ: "ಗೊತ್ತಿಲ್ಲದ ಗೆಡ್ಡೆ ಬಂತಾ, ಕಣ್ಮುಚ್ಕೊಂಡು ಈರುಳ್ಳಿ ಒತ್ತು ಕಣೇ. ದೇವ್ರು ಕ್ಷಮಿಸ್ತಾನೆ, ಗಡಿಯಾರ ಕ್ಷಮಿಸಲ್ಲ."

ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಪ್ರೋಗ್ರಾಮ್ ಬರೆದು ಓಡಿಸಿದೆ. ಹನ್ನೊಂದು ನಂಬರುಗಳು ಬಿದ್ದವು. ಎಲ್ಲಕ್ಕಿಂತ ಮೇಲೆ 417. ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಕೌಂಟರಿನಲ್ಲಿ ನಾನು ಒತ್ತಿದ ನನ್ನದೇ ನಂಬರ್. ಅದರ ಕೆಳಗೆ ತೂಯಿಯದು. ಪರೀಕ್ಷೆಗೆಂದು ಕಟ್ಟಿದ ಲೆಕ್ಕವಲ್ಲ ಇದು, ನಮ್ಮ ಅಂಗಡಿಯದೇ. ಕೆಲಸದ ಆಸೆ ತೋರಿಸಿ ನನ್ನ ಕೈಯಿಂದಲೇ ನನ್ನವರನ್ನು ಹಿಡಿಸುತ್ತಿದ್ದರು, ಅದೂ ಬಿಟ್ಟಿ ಚಾಕರಿಯಲ್ಲಿ.

ಉತ್ತರ ಕಳಿಸಲಿಲ್ಲ. ಮಂಗಳವಾರ ರೈಲು ಹತ್ತಿ ಮೆಲ್ಬರ್ನಿಗೆ ಹೋಗಿ ನನ್ನ ಲ್ಯಾಪ್‌ಟಾಪಿನಲ್ಲೇ ತೋರಿಸಿದೆ.

"ಸೊಗಸಾಗಿ ಬರೆದಿದೀರಿ," ಎಂದ ಫರ್ಗಸ್. "ಆದ್ರೆ ಒಂದೇ ನಂಬರ್ ಇದೆಯಲ್ಲ?"

"ಉಳಿದ ಹತ್ತು ಅಳಿಸಿದೀನಿ. ಇದು ನಂದು."

ಅವನು ನಕ್ಕ. "ಹೌದಾ! ಪರವಾಗಿಲ್ಲ ಬಿಡಿ, ನಿಮ್ಮದನ್ನ ತೆಗೆಯೋಣ. ಒಳಗಿನ ವಿಷಯ ಬಲ್ಲೋರೇ ನಮಗೆ ಬೇಕು. ಉಳಿದ ಹತ್ತು ಕೊಡಿ, ಸೋಮವಾರದಿಂದ ಬನ್ನಿ."

ಈ ಮಾತಿಗಾಗಿ ಎರಡು ವರ್ಷ ಕಾದಿದ್ದೆ. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಮನಸ್ಸು ಜಾರಿತು.

"ಅವರಿಗೆ ಏನಾಗತ್ತೆ?"

"ಅದು ಅಂಗಡಿಯವರ ತೀರ್ಮಾನ. ಸಾಮಾನ್ಯವಾಗಿ ಕೆಲಸದಿಂದ ತೆಗೀತಾರೆ."

"ನಿಮಿಷಕ್ಕೆ ಹದಿನೆಂಟು ಅಂತ ಗಡಿಯಾರ ಇಟ್ಟೋರು ಯಾರು?"

"ಅದೂ ನಮ್ಮದೇ ಪ್ರೋಗ್ರಾಮ್!" ಎಂದ ಹೆಮ್ಮೆಯಿಂದ.

ಮೈಯೆಲ್ಲ ಉರಿಯಿತು. "ಹಂಗಾದ್ರೆ ಕಳ್ಳ ಸಿಕ್ಕಿದನಲ್ಲಪ್ಪ! ಬೆನ್ನಟ್ಟಿ ಓಡ್ಸೋರೂ ನೀವೇ, ಎಡವಿದಳು ಅಂತ ದೂರು ಕೊಡೋರೂ ನೀವೇನಾ? ಆ ಗಡಿಯಾರ ಕಿತ್ತುಹಾಕಿ, ನಾಳೆನೇ ಈರುಳ್ಳಿ ಲೆಕ್ಕ ಸರಿಹೋಗತ್ತೆ. ಬೇಕಾದ್ರೆ ಅದನ್ನ ಇಲ್ಲೇ ಕೂತು ಬರೆದುಕೊಡ್ತೀನಿ, ಅದೂ ಬಿಟ್ಟಿ."

"ಕೇಳಿದ್ದನ್ನ ಬರೆಯೋದು ಡೆವಲಪರ್ ಕೆಲಸ, ನರೆಲ್. ನಿಮಗಿನ್ನೂ ಕೌಂಟರ್ ಬುದ್ಧಿ ಹೋಗಿಲ್ಲ."

"ಹೋಗೋದೂ ಬೇಡ," ಎಂದು ಅವನೆದುರೇ ಪ್ರೋಗ್ರಾಮನ್ನು ಅಳಿಸಿ, ಲ್ಯಾಪ್‌ಟಾಪ್ ಮಡಚಿ ಹೊರಬಂದೆ. ಕೆಲಸ ಹೋದರೆ ಹೋಯಿತು, ಹತ್ತು ಜನ ಉಳಿದರು ಎಂದುಕೊಂಡೆ.

ಹೊರಗಿನ ಬೆಂಚಿನ ಮೇಲೆ ಒಬ್ಬಳು ಕೂತಿದ್ದಳು. ಯಾವುದೋ ಷೂ ಅಂಗಡಿಯ ಸಮವಸ್ತ್ರ, ಅದರ ಮೇಲೊಂದು ಕೋಟು. ಪಾಳಿ ಮುಗಿಸಿ ನೇರ ಬಂದಿದ್ದಳೇನೋ, ಎದೆಯ ಮೇಲಿನ ಹೆಸರಿನ ಬಿಲ್ಲೆಯನ್ನೂ ತೆಗೆದಿರಲಿಲ್ಲ.

"ನೀವೂ ಈರುಳ್ಳಿ ಪರೀಕ್ಷೆನಾ ಅಕ್ಕ?" ಎಂದಳು ಮುಖವರಳಿಸಿ. "ಮೂರು ದಿನ ಒದ್ದಾಡಿದೆ. ಕೊನೆಗೆ ಹನ್ನೊಂದೂ ಸಿಕ್ವು. ನಿನ್ನೆನೇ ಕಳಿಸಿಬಿಟ್ಟೆ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿಂದ ಅವಳ ಹೆಸರು ಕರೆದರು.