ಏಳನೇ ಹನಿ

ಬೀಗದವನಿಗೆ ಕೆಂಪು ಹಸಿರು ಎರಡೂ ಒಂದೇ. ಹುಟ್ಟಿದಾಗಿನಿಂದಲೂ ಅವನ ಕಣ್ಣಿಗೆ ಎರಡೂ ಒಣಹುಲ್ಲಿನ ಬಣ್ಣ. ಕೀಲಿ ಮಾಡುವ ಕಸುಬಿಗೆ ಇದರಿಂದ ತೊಂದರೆಯೇನೂ ಆಗಿರಲಿಲ್ಲ. ಬೀಗದ ಹೊಟ್ಟೆಯಲ್ಲಿ ಏನು ನಡೆದಿದೆ ಎನ್ನುವುದು ಬೆರಳಿಗೂ ಕಿವಿಗೂ ಗೊತ್ತಾಗುತ್ತದೆ, ಬಣ್ಣಕ್ಕೆ ಅಲ್ಲಿ ಕೆಲಸವಿಲ್ಲ. ಉಳಿದದ್ದಕ್ಕೆಲ್ಲ ಹೆಂಡತಿ ಇದ್ದಳು. ಹಣ್ಣು ಮಾಗಿದೆಯೋ ಇಲ್ಲವೋ, ಮದುವೆ ಮನೆಗೆ ಯಾವ ಅಂಗಿ, ಗೋಡೆಗೆ ಯಾವ ಸುಣ್ಣ, ಎಲ್ಲ ಅವಳು ಹೇಳುತ್ತಿದ್ದಳು, ಇವನು ನಂಬುತ್ತಿದ್ದ. “ದೇವರು ನಂಗೆ ಅರ್ಧ ಕಣ್ಣು ಕೊಟ್ಟು, ಉಳಿದರ್ಧ ಮಾವನ ಮನೇಲಿ ಇಟ್ಟಿದ್ದ” ಎಂದು ಗಿರಾಕಿಗಳ ಮುಂದೆ ಹೇಳಿಕೊಂಡು ನಗುವುದು ಅವನ ರೂಢಿ. ಗಿರಾಕಿಗಳು ಹತ್ತನೇ ಸಲವೂ ನಗುತ್ತಿದ್ದರು, ಕೀಲಿ ಬೇಗ ಸಿಗಬೇಕಲ್ಲ.

ಅವನ ಮನೆಯ ನಡುಕೋಣೆಯಲ್ಲಿ ಮಂಚದುದ್ದದ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ನಾಲ್ಕಾರು ಮೀನು, ಹವಳ. ಮದುವೆಯಾದ ವರ್ಷ ತಂದಾಗ ಹೆಬ್ಬೆರಳಿನಷ್ಟಿದ್ದ ಕೊಂಬೆ ಈಗ ಬುಟ್ಟಿಯಗಲಕ್ಕೆ ಹರಡಿಕೊಂಡಿತ್ತು. ಮಕ್ಕಳಿಲ್ಲದ ಮನೆ, ಬಂದವರಿಗೆಲ್ಲ ಬೀಗದವನು ಅದನ್ನೇ ಕೈಹಿಡಿದು ತೋರಿಸುತ್ತಿದ್ದ. ಹವಳ ಕಲ್ಲಲ್ಲ, ಜೀವ. ನೀರಿನಲ್ಲಿರುವ ಕ್ಷಾರವನ್ನು ಹೀರಿ ತನ್ನ ಮೂಳೆ ತಾನೇ ಕಟ್ಟಿಕೊಳ್ಳುತ್ತದೆ. ಕ್ಷಾರ ಕಡಿಮೆಯಾದರೆ ಸೊರಗುತ್ತದೆ, ಹೆಚ್ಚಾದರೆ ತುದಿಯಿಂದ ಸುಟ್ಟುಕೊಂಡು ಬರುತ್ತದೆ.

ಅದಕ್ಕೇ ಭಾನುವಾರದ ಪರೀಕ್ಷೆ. ಅಡುಗೆಮನೆಯ ಕಿಟಕಿಯ ಬೆಳಕಿಗೆ ಇಬ್ಬರೂ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಗಾಜಿನ ಪುಟ್ಟ ಕೊಳವೆಯಲ್ಲಿ ತೊಟ್ಟಿಯ ನೀರು. ಅದಕ್ಕೆ ಬಣ್ಣದ ಸೀಸೆಯಿಂದ ಒಂದು ತೊಟ್ಟು ಬಿಟ್ಟರೆ ನೀರು ಹಸಿರು. ಆಮೇಲೆ ಇನ್ನೊಂದು ಸೀಸೆಯಿಂದ ಒಂದೊಂದೇ ಹನಿ ಎಣಿಸುತ್ತ ಹೋಗಬೇಕು. ಎಷ್ಟನೇ ಹನಿಗೆ ಹಸಿರು ಹೋಗಿ ಗುಲಾಬಿ ಬರುತ್ತದೋ ಅಷ್ಟು ಕ್ಷಾರ. ಎಂಟೋ ಒಂಬತ್ತೋ ಇದ್ದರೆ ಕ್ಷೇಮ. ಹನಿ ಹಾಕುವವನು ಅವನು, ನೋಡಿ “ಬಂತು” ಎನ್ನುವವಳು ಅವಳು. ಆಸ್ಪತ್ರೆಯ ಮುಂಬಾಗಿಲ ಮೇಜಿನಲ್ಲಿ ವಾರವಿಡೀ ಊರವರ ಕಾಯಿಲೆ ಕೇಳಿ ಬರುತ್ತಿದ್ದವಳು ಆ ಹೊತ್ತಿನಲ್ಲಿ ಅವನ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದಳು. ಬೀಗದವನಿಗೆ ವಾರದಲ್ಲಿ ಅದಕ್ಕಿಂತ ಇಷ್ಟವಾದ ಗಳಿಗೆ ಇನ್ನೊಂದಿರಲಿಲ್ಲ. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ.

ವರ್ಷದ ಮೇಲಾಯಿತು, ಏಳನೇ ಹನಿಗೇ ಬರುತ್ತಿತ್ತು.

“ಮತ್ತೆ ಏಳೇನಾ?”

“ಏಳೇ.”

ಇವನು ಕ್ಷಾರದ ಪುಡಿ ಒಂದು ಚಿಟಿಕೆ ಜಾಸ್ತಿ ಮಾಡುವನು. ಮುಂದಿನ ವಾರವೂ ಏಳು. ಇನ್ನೊಂದು ಚಿಟಿಕೆ. ಬೇರೆಯವರಾಗಿದ್ದರೆ ಅನುಮಾನ ಪಡುತ್ತಿದ್ದರೇನೋ. ಇವನು ಮೀಸೆ ತಿರುವಿದ. ಹಾಕಿದ್ದನ್ನೆಲ್ಲ ಹವಳ ಕುಡಿಯುತ್ತಿದೆ, ಹಾಗೆ ಬೆಳೆಯುತ್ತಿದೆ ಎಂದುಕೊಂಡ. ಕೊಂಬೆಗಳ ತುದಿ ಬೆಳ್ಳಗಾದಾಗ ಹಿಗ್ಗು ಇನ್ನೂ ಹೆಚ್ಚಿತು, ಎಳೆಯ ತುದಿ ಬೆಳ್ಳಗಿರುವುದು ಸಹಜ. ಜೊತೆಯಲ್ಲೇ ಇದ್ದ ಅತ್ತೆ ಮಾತ್ರ ಮೂಗು ಮುರಿದರು.

“ಬೆಳ್ಳಗಿರೋದೆಲ್ಲ ಹಾಲಲ್ಲ, ಅಳಿಯಂದ್ರೇ.”

“ಅತ್ತೆ, ನಿಮ್ಮ ಮಗಳೇ ನೋಡಿ ಹೇಳ್ತಿರೋದು.”

ಅತ್ತೆ ಏನೋ ಹೇಳಹೊರಟು, ಬಾಯಿ ಮುಚ್ಚಿಕೊಂಡು ಬಟಾಣಿ ಸುಲಿಯತೊಡಗಿದರು. ಮಾತು ನುಂಗುವ ಜಾತಿಯವರಲ್ಲ ಅವರು. ಬೀಗದವನಿಗೆ ಆಗ ಅದು ಹೊಳೆಯಲಿಲ್ಲ.

ಆ ವರ್ಷ ಹೆಂಡತಿಗೆ ಕನ್ನಡಕ ಬಂತು. ಅವಳು ಅದನ್ನು ಹಣೆಗೇರಿಸಿ ಕಣ್ಣುಜ್ಜಿಕೊಳ್ಳುವುದು ಇವನ ಕಣ್ಣಿಗೆ ಬಿತ್ತು. ನನ್ನ ಕಲ್ಲುಗಿಡಕ್ಕಾಗಿ ಇವಳ ಕಣ್ಣು ಸವೆಸಿದೆನಲ್ಲ ಎಂದು ಮರುಗಿ, ಅವಳಿಗೆ ಹೇಳದೆ ತೊಟ್ಟಿ ಅಂಗಡಿಗೆ ಹೋದ.

ಅಂಗಡಿಯವನ ಕನ್ನಡಕದ ಗಾಜು ಬೆರಳುದಪ್ಪ. ಊರೆಲ್ಲ ಅವನನ್ನು ಕರೆಯುವುದೇ ಸೋಡಾಬುಡ್ಡಿ ಎಂದು. ಗುಳುಗುಳು ಸದ್ದಿನ ತೊಟ್ಟಿಗಳ ನಡುವೆ ಅವನು ಮೇಜಿನ ಮೇಲೆ ಸಾಮಾನು ಹರಡಿದ.

“ಇದು ಕಾಗದದ ಪಟ್ಟಿ. ಅದ್ದಿ ತೆಗೆದ್ರೆ ಆಯ್ತು. ಆದ್ರೆ ಗಾಳಿಮಾತಿನ ಹಾಗೆ, ನಿಜ ಇದ್ರೂ ಇರಬಹುದು. ಇದು ಹನಿ ಸೀಸೆ, ನಿಮ್ಮ ಹತ್ರ ಇರೋದೇ, ಸ್ವಲ್ಪ ಮೇಲ್ದರ್ಜೆ. ಯಾರು ನೋಡೋದು ಬಣ್ಣ?”

“ನನ್ನಾಕೆ. ಅವಳ ಕಣ್ಣಿಗೆ ತೊಂದ್ರೆ ಆಗಬಾರದು ಅಂತಾನೇ ಬಂದಿರೋದು.”

“ಹಾಗಾದ್ರೆ ಇದು” ಎಂದು ಅಂಗೈಯಗಲದ ಡಬ್ಬಿಯೊಂದನ್ನು ಮುಂದೆ ತಳ್ಳಿದ. ನೀರಿಗೆ ಅದರದೇ ದ್ರಾವಣ ಬೆರೆಸಿ, ಕೊಳವೆಯನ್ನು ಒಳಗಿಟ್ಟು ಗುಂಡಿ ಒತ್ತಿದರೆ ತಾನೇ ಬೆಳಕು ಬಿಟ್ಟು, ಬಣ್ಣ ಅಳೆದು, ಅದೇ ಹನಿಯ ಲೆಕ್ಕದಲ್ಲಿ ಅಂಕಿ ತೋರಿಸುವ ಯಂತ್ರ. “ಕಣ್ಣೇ ಬೇಡ. ಕುರುಡನಾದ್ರೂ… ಅಂದ್ರೆ, ನಿಮ್ಮನ್ನಲ್ಲ.”

ಬೀಗದವನು ನಕ್ಕುಬಿಟ್ಟ. ಉಡುಗೊರೆಯ ಕಾಗದ ಸುತ್ತಿಸಿಕೊಂಡೇ ಮನೆಗೆ ತಂದ. ಹೆಂಡತಿ ಬಿಚ್ಚಿ ನೋಡಿದಳು. “ಇದೆಲ್ಲ ಯಾಕೆ ಈಗ?” ಎಂದಳು, ಖುಷಿಯಿಲ್ಲದೆ. ದುಡ್ಡಿನ ಚಿಂತೆ ಇರಬೇಕು ಎಂದುಕೊಂಡು ಇವನೇ ಗುಂಡಿ ಒತ್ತಿದ. ಯಂತ್ರ ಹದಿನಾಲ್ಕು ಎಂದಿತು. ಮತ್ತೆ ಒತ್ತಿದ. ಹದಿನಾಲ್ಕು.

“ನಿನ್ನೆ ಭಾನುವಾರ ತಾನೇ ಏಳು ಅಂದ್ಯಲ್ಲ?”

“ಏಳೇ ಇತ್ತು. ಹೊಸಾ ಡಬ್ಬಿ, ಕೆಟ್ಟಿರಬೇಕು” ಎಂದು ಅವಳು ಒಲೆಯ ಕಡೆ ತಿರುಗಿದಳು.

ಕೆಟ್ಟಿರಬೇಕು! ಬೀಗದವನು ಡಬ್ಬಿಯನ್ನೂ ಒಂದು ಬಾಟಲಿ ತೊಟ್ಟಿಯ ನೀರನ್ನೂ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಅದೇ ಸಂಜೆ ಅಂಗಡಿಗೆ ನುಗ್ಗಿದ. ಗಿರಾಕಿಗಳು ತಿರುಗಿ ನೋಡುವಷ್ಟು ಕೂಗಾಡಿದ. “ನಿನ್ನ ಡಬ್ಬಿ ನನ್ನ ಹೆಂಡ್ತೀನ ಸುಳ್ಳಿ ಅನ್ನುತ್ತಲ್ಲಯ್ಯ!” ಸೋಡಾಬುಡ್ಡಿ ಇವನು ತಂದಿದ್ದ ನೀರಿಗೆ ತನ್ನ ಸೀಸೆಯಿಂದ ಹನಿ ಹಾಕಿ ಎಣಿಸಿದ. ಹದಿನಾಲ್ಕಕ್ಕೆ ನಿಲ್ಲಿಸಿದ.

“ನೀನು ಅಂಗಡಿಯವನು. ಮಾರಾಟ ಆಗೋದಾದ್ರೆ ನಲವತ್ತು ಅಂದ್ರೂ ಅಂತೀಯ.”

“ಸರಿ, ಡಬ್ಬಿ ಇಲ್ಲಿಡಿ. ದುಡ್ಡು ಪೂರ್ತಿ ತಗೊಂಡು ಹೋಗಿ” ಎಂದ ಸೋಡಾಬುಡ್ಡಿ, ಗಲ್ಲಾಪೆಟ್ಟಿಗೆ ತೆಗೆಯುತ್ತ. “ಆದ್ರೆ ಒಂದು ಮಾತು. ಬೆಳೆಯೋ ತುದಿ ಮುಟ್ಟಿದ್ರೆ ಜಾರುತ್ತೆ, ಸತ್ತ ತುದಿ ಒರಟು. ನಿಮ್ಮ ಬೆರಳು ಯಾರಿಗೂ ಮೋಸ ಹೋಗಲ್ವಂತಲ್ಲ, ಮುಟ್ಟಿ ನೋಡಿ.”

ಮೋಸ ಮಾಡುವವನು ಕೈಗೆ ಬಂದ ದುಡ್ಡನ್ನು ಹಿಂದಕ್ಕೆ ಕೊಡುತ್ತಾನೆಯೇ? ಬೀಗದವನು ದುಡ್ಡು ತೆಗೆದುಕೊಳ್ಳಲಿಲ್ಲ. ಮನೆಗೆ ಬಂದು ಅಂಗಿಯ ತೋಳು ಮಡಚಿ ತೊಟ್ಟಿಗೆ ಕೈ ಇಳಿಸಿದ. ಮೊದಲ ತುದಿ ಅರದ ಹಾಗೆ ಒರಟಾಗಿತ್ತು. ಎರಡನೆಯದೂ ಹಾಗೆಯೇ. ಒಂದು ತುದಿ ಕೈಯಲ್ಲೇ ಪುಡಿಯಾಯಿತು.

ಆ ವಾರವೆಲ್ಲ ಅವನು ಹೆಂಡತಿಯ ಪರವಾಗಿ ತನ್ನೊಡನೆ ತಾನೇ ವಾದ ಮಾಡಿದ. ಕಣ್ಣು ಮಂಜಾಗಿರಬೇಕು. ಕಿಟಕಿಯ ಬೆಳಕು ಸಾಲದಿರಬೇಕು. ಸೀಸೆ ಹಳತಾಗಿರಬೇಕು. ಎಲ್ಲವೂ ಇರಬಹುದಿತ್ತು. ಆದರೆ ಅವನ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಬೀಗ ಕೆಟ್ಟಿದೆಯೋ ಕೀಲಿ ಕೆಟ್ಟಿದೆಯೋ ಗೊತ್ತಾಗದಿದ್ದಾಗ, ಹಲ್ಲು ಕೊರೆಯದ ಬೋಳು ಕೀಲಿಯೊಂದನ್ನು ಹಾಕಿ ತಿರುಗಿಸುತ್ತಾರೆ. ಅದು ಯಾವ ಬೀಗವನ್ನೂ ತೆರೆಯಬಾರದು. ತೆರೆದರೆ ಬೀಗವೇ ಕೆಟ್ಟಿದೆ ಎಂದರ್ಥ. ಹೆಂಡತಿಯ ಮುಂದೆ ಬೋಳು ಕೀಲಿ ಹಿಡಿಯಬೇಕಾಯಿತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಹಿಡಿದ.

ಭಾನುವಾರ ಎಂದಿನಂತೆ ಸ್ಟೂಲು, ಕಿಟಕಿ. ಅತ್ತೆ ಆಚೆ ಮೇಜಿನಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಅವನು ಬಣ್ಣದ ಸೀಸೆಯನ್ನು ಕೈಗೆ ತೆಗೆದುಕೊಂಡ, ತೊಟ್ಟು ಬಿಡದೆ ಕೆಳಗಿಟ್ಟ. ಕೊಳವೆಯಲ್ಲಿದ್ದದ್ದು ಬರೀ ನೀರು. ಅದಕ್ಕೆ ನೂರು ಹನಿ ಹಾಕಿದರೂ ಯಾವ ಬಣ್ಣವೂ ಬರುವಂತಿರಲಿಲ್ಲ. ಹೆಂಡತಿ ಭುಜ ತಾಗಿಸಿ ಕೂತಳು. ಒಂದು. ಎರಡು. “ಬಂತು” ಎನ್ನದಿರಲಿ, ಬಣ್ಣವೇ ಇಲ್ಲವಲ್ಲ ಎಂದು ರೇಗಲಿ, ಎಂದು ಅವನ ಎದೆ ಬೇಡಿಕೊಳ್ಳುತ್ತಿತ್ತು. ಐದು. ಆರು. ಅವಳ ಕಣ್ಣು ಕಿಟಕಿಯಾಚೆಯ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಯ ಮೇಲಿತ್ತು. ಏಳು.

“ಬಂತು.”

“ಯಾವ ಬಣ್ಣ ಬಂತು?”

“ಗುಲಾಬಿ. ಇನ್ಯಾವುದು ಬರುತ್ತೆ?”

ಅವನು ಕೊಳವೆಯನ್ನು ಬಿಳಿ ತಟ್ಟೆಯ ಮೇಲಿಟ್ಟ. “ಒಂದ್ಸಲ ನೋಡು.”

ಅವಳು ನೋಡಿದಳು. ನೀರು ನೀರಾಗಿಯೇ ಇತ್ತು. ಅಷ್ಟನ್ನು ಕಾಣಲು ಅವನ ಅರ್ಧ ಕಣ್ಣೂ ಸಾಕಿತ್ತು. ಅತ್ತೆ ಸೊಪ್ಪಿನ ತಟ್ಟೆ ಎತ್ತಿಕೊಂಡು ಸದ್ದಿಲ್ಲದೆ ಒಳಗೆ ಹೋದರು. ಓಹೋ, ಇವರಿಗೂ ಗೊತ್ತಿತ್ತು, ಎಂದುಕೊಂಡ ಬೀಗದವನು.

“ಯಾವಾಗಿಂದ?”

“ಮೊದಮೊದಲು ನೋಡ್ತಾನೇ ಇದ್ದೆ” ಎಂದಳು. “ಯಾವಾಗ್ಲೂ ಏಳೋ ಎಂಟೋ ಬರ್ತಿತ್ತು. ದಿನಾ ಬೆಳಗಾದ್ರೆ ಆಸ್ಪತ್ರೇಲಿ ಅದನ್ನ ನೋಡಿ, ಇದನ್ನ ನೋಡಿ. ಮನೇಲೂ ಅದನ್ನೇ ನೋಡು, ಇದನ್ನೇ ನೋಡು. ಬೇಜಾರು ಬಂದುಬಿಡ್ತು ನಂಗೆ.”

“ಬೇಜಾರು ಅಂತ ಹೇಳಬಹುದಿತ್ತಲ್ಲ. ಒಂದು ಮಾತು.”

“ಹೇಳಿದ್ರೆ ನೀವು ಮುಖ ಇಳಿಬಿಟ್ಕೊಂಡು ಕೂರ್ತಿದ್ರಿ. ಅದನ್ನೂ ನಾನೇ ನೋಡಬೇಕಿತ್ತು.” ಆಮೇಲೆ ಅವಳ ದೃಷ್ಟಿ ಮುಚ್ಚಿದ ಬಣ್ಣದ ಸೀಸೆಯ ಮೇಲೆ ಬಿತ್ತು. ಮುಖ ಕೆಂಪಾಯಿತೋ ಏನೋ, ಅವನಿಗೆ ಕಾಣುವಂತಿರಲಿಲ್ಲ. “ಬೇಕಂತಲೇ ಖಾಲಿ ನೀರಿಟ್ರಾ? ಕಳ್ಳೀನ ಹಿಡಿಯೋ ಹಾಗೆ?”

ಅವನು ಕೊಳವೆಯ ನೀರನ್ನು ಚೆಲ್ಲಿ ಎದ್ದ. ನೊಂದದ್ದು ಹವಳ ಸತ್ತಿತೆಂದಲ್ಲ, ಹವಳ ಇನ್ನೊಂದು ತರಬಹುದು. ಅವಳ ಮಾತು ನಂಬಿ ಚಿಟಿಕೆ ಚಿಟಿಕೆಯಾಗಿ ವಿಷ ಹಾಕಿದ್ದು ತನ್ನದೇ ಕೈ, ಅದೂ ಮೀಸೆ ತಿರುವುತ್ತ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ತಾನು ಭಾನುವಾರಕ್ಕಾಗಿ ವಾರವಿಡೀ ಕಾಯುತ್ತಿದ್ದಾಗ, ಭುಜ ತಾಗಿಸಿ ಕೂತವಳು ಬೇಗ ಏಳನೇ ಹನಿ ಬೀಳಲಿ ಎಂದು ಕಾಯುತ್ತಿದ್ದಳು.

ಅಂದಿನಿಂದ ಅಡುಗೆಮನೆಯಲ್ಲಿ ಒಂದೇ ಸ್ಟೂಲು. ಯಂತ್ರಕ್ಕೆ ಬೇಕಾದ ದ್ರಾವಣ ಮುಗಿದಾಗ ಬೀಗದವನು ಮತ್ತೆ ಅಂಗಡಿಗೆ ಹೋದ. ಹಳೆಯ ಕೂಗಾಟಕ್ಕೆ ಕ್ಷಮೆ ಕೇಳಿದ. ಸೋಡಾಬುಡ್ಡಿ ಸೀಸೆ ಕಟ್ಟಿ ಕೊಡುವಾಗ, ಇವನು ತನ್ನ ಅಂಗಿಯ ತೋಳು ಮುಂದೆ ಚಾಚಿದ. ಹೆಂಡತಿ ಹೋದ ವರ್ಷ ಆರಿಸಿ ತಂದಿದ್ದ ಅಂಗಿ. ಕಡು ಹಸಿರು, ನಿಮಗೆ ಒಪ್ಪುತ್ತೆ, ಎಂದಿದ್ದಳು.

“ಇದು ಯಾವ ಬಣ್ಣ?”

“ಹಸಿರು. ಕಡು ಹಸಿರು. ಯಾಕೆ?”

ಬೀಗದವನು ತೋಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಾಗೇ ಚಾಚಿಕೊಂಡು, ಪಕ್ಕದಲ್ಲಿ ಮೀನಿನ ಕಾಳು ಕೊಳ್ಳುತ್ತಿದ್ದ ಗುರುತಿಲ್ಲದ ಹೆಂಗಸಿನ ಕಡೆ ತಿರುಗಿದ.

“ಅಮ್ಮಾ, ನೀವೂ ಒಂದ್ಸಲ ನೋಡಿ ಹೇಳ್ತೀರಾ?”