ಉಮಾವತಿಗೆ ಕೇಳಿಸುತ್ತಿದ್ದ ದನಿ

ಸಾವಿರದ ಒಂಬೈನೂರ ನಲವತ್ತಮೂರರ ಆಶ್ವಯುಜದ ಆ ಅಪರಾಹ್ನ, ಐದು ನದಿಗಳು ಒಂದಾಗಿ ಕಡಲನ್ನು ಸೇರುವ ಕುಂದಾಪುರದ ಅಳಿವೆಯ ಮೇಲೆ ಮುಗಿದೂ ಮುಗಿಯದ ಮಳೆಯೊಂದು ವಿರಹಿಣಿಯ ನಿಟ್ಟುಸಿರಿನಂತೆ ಸುಳಿದಾಡುತ್ತಿತ್ತು. ಮೇಘಗಳ ಬಿರುಕಿನಿಂದ ಜಾರಿದ ಮ್ಲಾನ ಸೂರ್ಯಕಿರಣವು ಕಂದುನೀರಿನ ಮೇಲೆ ಕ್ಷಣಕಾಲ ಮಿನುಗಿ ಆರಿಹೋಗುತ್ತಿತ್ತು... ಸಹೃದಯನೇ, ಅಂಥ ಬೆಳಕಿನಲ್ಲೇ ದೋಣಿಯವರು ತಲ್ಲೂರಿನ ಉಮಾವತಿಯನ್ನು ಹೊಳೆಯಿಂದ ಎತ್ತಿ ಆಸ್ಪತ್ರೆಗೆ ತಂದರು!

ಅವಳ ಗಂಡ ಸುಂದರ ಹಿಂದಿನ ವರ್ಷ ರಂಗೂನಿನಿಂದ ಮರಳುವಾಗ ಹಡಗಿನೊಡನೆ ಮುಳುಗಿದ್ದ. ದೋಣಿಯಲ್ಲಿ ಅವಳು ಹೆದರಿದಾಗ ಅಂಗೈಯಿಂದ ಅವಳ ಕಣ್ಣು ಮುಚ್ಚಿ, ದಡ ಬರುವವರೆಗೂ ನಗಿಸುತ್ತಿದ್ದ ಗಂಡ! ಈಗ ಅದೇ ನೀರಿನಿಂದ ಅವನ ದನಿ ಅವಳನ್ನು ಕರೆಯುತ್ತಿತ್ತು.

ಆಸ್ಪತ್ರೆಯ ಡಾಕ್ಟರ್ ಪ್ರೇಮಾನಂದರನ್ನೂ ಒಂದು ನೆನಪು ಕಾಡುತ್ತಿತ್ತು. ಬ್ರಹ್ಮಾವರದ ಚಂದ್ರಾವತಿ ಎಂಬಾಕೆ ಒಮ್ಮೆ, "ಬದ್ಕ್ ಸಾಕಾಯ್ತ್ ಡಾಕ್ಟ್ರೆ" ಎಂದಿದ್ದಳು. ಮನಸ್ಸು ಗಟ್ಟಿಮಾಡಿಕೊಳ್ಳಿ ಎಂದು ಹೇಳಿ, ಟಾನಿಕ್ಕಿನ ಬಾಟಲಿ ಕೊಟ್ಟು ಕಳುಹಿಸಿದ್ದರು. ವಾರದೊಳಗೆ ಆಕೆ ಇಲ್ಲವಾದಳು. ಅಂದಿನಿಂದ ಪ್ರತಿಯೊಂದು ಹಾಸಿಗೆಯ ಬಳಿಯೂ ಆ ನಿರಾಕ್ಷೇಪ ನೇತ್ರಗಳು ಅವರನ್ನು ದಿಟ್ಟಿಸುತ್ತಿದ್ದವು...

ಸಾಯುವ ಮಾತನ್ನು ಅವಳ ಬಳಿ ಕೇಳಲೇಬಾರದೆಂದು ಕಂಪೌಂಡರ್ ದೇವಪ್ಪ ಪಿಸುಗುಟ್ಟಿದ: "ಅದ್ನೆಲ್ಲ ಕೇಂಬುಕಾಗ ಡಾಕ್ಟ್ರೆ. ಕೇಂಡ್ರೆ ಮತ್ತೆ ನೆನಪಾತ್ತ್."

ಪ್ರೇಮಾನಂದರು ಕುರ್ಚಿ ಎಳೆದು ಉಮಾವತಿಯ ಪಕ್ಕದಲ್ಲಿ ಕುಳಿತರು. ಬೈಂದೂರಿನ ತಮ್ಮ ಮನೆಮಾತಿನಲ್ಲೇ ಕೇಳಿದರು: "ತಂಗಿ, ಸಾಯ್ಕ್ ಅಂದ್ ಈಗ್ಳೂ ಅನ್ಸತ್ತಾ?"

ಉಮಾವತಿ ಹೊದಿಕೆಯ ಅಂಚನ್ನು ಎದೆಗೆ ಎಳೆದುಕೊಂಡಳು.

"ಅನ್ಸತ್ತ್... ಅವ್ರ್ ನೀರಂಗಿಂದ ಕರೀತ್ರ್. ಮರ್ಲ್, ಹುಚ್ಚ್ ಅಂತ್ರ್ ಅಂದೇಳಿ ಯಾರಿಗೂ ಹೇಳ್ಲಿಲ್ಲೆ."

"ನಂಗ್ ಹೇಳ್. ಕರ್ದಾಗ್ಳೆಲ್ಲ ನಂಗ್ ಹೇಳ್."

ಆಗ ಅವಳು ಅತ್ತಳು. ವರ್ಷವಿಡೀ ಕಟ್ಟಿಹಿಡಿದ ಅಶ್ರುಧಾರೆ!

ಅವಳ ಅಕ್ಕ ಸುಗಂಧಿಯನ್ನು ಕರೆಸಿ, ತಂಗಿಯನ್ನು ಕ್ಷಣವೂ ಒಂಟಿಯಾಗಿ ಬಿಡಬಾರದೆಂದು ಡಾಕ್ಟರು ಹೇಳಿದರು. ಪ್ರತಿ ಮುಂಜಾನೆ ಅದೇ ಪ್ರಶ್ನೆ ಕೇಳಿದರು. ಅದೇ ಉತ್ತರ ಬಂದಾಗ ಎದ್ದುಹೋಗದೆ ಕುಳಿತು, ಸುಂದರನ ಕಥೆಗಳನ್ನು ಕೇಳಿದರು. ಹದಿನೇಳನೆಯ ದಿನ ಅವಳೆಂದಳು: "ನಿನ್ನೆಯಷ್ಟ್ ಇಲ್ಲೆ."

ಮೂರು ವಾರವಾದ ಮೇಲೆ ಅಕ್ಕತಂಗಿಯರು ಮನೆಗೆ ಹೊರಟರು. ಆ ಹೊಳೆಯನ್ನೇ ದಾಟಬೇಕು! ಪ್ರೇಮಾನಂದರು ಕಡವಿನವರೆಗೂ ಬಂದರು. ದೋಣಿಯಲ್ಲಿ ಅಕ್ಕನ ಕೈಯನ್ನು ಬಿಗಿಯಾಗಿ ಹಿಡಿದು ಕುಳಿತ ಉಮಾವತಿ ನೀರನ್ನು ಒಮ್ಮೆ ನೋಡಿದಳು. ಬಳಿಕ ದಡದತ್ತ ತಿರುಗಿದಳು.

"ಶನಿವಾರ ಬತ್ತೆ ಡಾಕ್ಟ್ರೆ."

ಬಂದಳು... ಮತ್ತೆ ಮತ್ತೆ ಬಂದಳು. ದನಿ ಪೂರ್ತಿ ನಿಂತಿರಲಿಲ್ಲ. ಅದನ್ನು ಹೇಳಿಕೊಳ್ಳಲೆಂದೇ ಬರುತ್ತಿದ್ದಳು. ಅಗಲಿದವರ ಪ್ರೀತಿ ಎಷ್ಟು ಆಳದಿಂದ ಕರೆದರೇನು, ಬದುಕಿರುವವರೊಬ್ಬರು ತನ್ನ ಮಾತಿಗಾಗಿ ಕಾಯುತ್ತಿದ್ದಾರೆಂಬ ಅರಿವು ಶೋಕಮಗ್ನ ಹೃದಯಕ್ಕೆ ಇನ್ನೊಂದು ದಿನವನ್ನು ಕರುಣಿಸಬಲ್ಲದು!